ನಿನ್ನ ಕುರ್ಚಿಗಾಗಿ ಹಾಕಿಸಿದ ನೆಲ

ನನ್ನ ಪುಟ್ಟಿಗೆ,

ಮೂರು ದಿನದಿಂದ ಫೋನ್ ಮಾಡುತ್ತಿದ್ದೇನೆ. ಪ್ರತಿ ಸಲವೂ ನಿಮ್ಮಮ್ಮ ಎತ್ತಿಕೊಂಡು "ಮಲಗಿದ್ದಾಳೆ", "ವ್ಯಾಯಾಮಕ್ಕೆ ಕರ್ಕೊಂಡು ಹೋಗಿದ್ದಾರೆ", "ಆಮೇಲೆ ಅವಳೇ ಮಾಡ್ತಾಳಂತೆ" ಎಂದು ಒಂದೊಂದು ಕಾರಣ ಹೇಳುತ್ತಾಳೆ. ಅವಳಿಗೆ ಸುಳ್ಳು ಹೇಳಲು ಬರುವುದಿಲ್ಲ ಎಂದು ನಿನಗೂ ಗೊತ್ತು, ನನಗೂ ಗೊತ್ತು. ನಿನಗೆ ನನ್ನ ಜೊತೆ ಮಾತಾಡುವ ಮನಸ್ಸಿಲ್ಲ, ಅಷ್ಟೇ. ಅದಕ್ಕೇ ಕಾಗದ ಹಿಡಿದು ಕೂತೆ. ಇದನ್ನು ಹರಿದು ಹಾಕಬೇಕೆಂದರೂ ಒಂದೆರಡು ಸಾಲು ನಿನ್ನ ಕಣ್ಣಿಗೆ ಬಿದ್ದೇ ಬೀಳುತ್ತದಲ್ಲ.

ನಾಲ್ಕು ತಿಂಗಳ ಹಿಂದೆ ಆ ಲಾರಿ ನಿನ್ನ ಸ್ಕೂಟರಿಗೆ ಗುದ್ದಿದಾಗಿನಿಂದ ನನಗೆ ಮಾಡಲು ಒಂದು ಕೆಲಸವೂ ಇರಲಿಲ್ಲ. ಡಾಕ್ಟರು ತಮ್ಮ ಕೆಲಸ ಮಾಡಿದರು. ಚಿಕಿತ್ಸಾ ಕೇಂದ್ರದಲ್ಲಿ ನಿಮ್ಮಮ್ಮ ನಿನ್ನ ಮಂಚದ ಪಕ್ಕ ಬಿಟ್ಟು ಕದಲಲಿಲ್ಲ. ನಾನು ಡಿಪೋದಲ್ಲಿ ಬಸ್ಸು ಹೊರಟ ಟೈಮು, ಬಂದ ಟೈಮು ಬರೆದು ಮುಗಿಸಿ, ಮನೆಗೆ ಬಂದು ಗೋಡೆ ನೋಡುತ್ತಾ ಕೂರುತ್ತಿದ್ದೆ. ಹಾಗಿರುವಾಗ ನೀನೇ ಫೋನ್ ಮಾಡಿ, "ಅಪ್ಪಾ, ಹತ್ತನೇ ತಾರೀಖು ಮನೆಗೆ ಕಳಿಸ್ತಾರಂತೆ. ನಮ್ಮನೇಲಿ ಒಂದು ರೂಮು ಎತ್ತರ, ಇನ್ನೊಂದು ತಗ್ಗು. ಈ ಗಾಲಿಕುರ್ಚಿ ಓಡಲ್ಲ. ಏನಾದ್ರೂ ಮಾಡು" ಎಂದೆ. ನನಗೆ ಎಷ್ಟು ಖುಷಿಯಾಯಿತು ಅಂತೀಯ! ಕೊನೆಗೂ ನನ್ನ ಕೈಲಾಗುವ ಕೆಲಸವೊಂದು ಸಿಕ್ಕಿತ್ತು.

ನೆಲ ಹಾಕುವವರು ಇಬ್ಬರನ್ನು ಕರೆಸಿದೆ. ಮೊದಲು ಬಂದವರು ವಯಸ್ಸಾದ ಮೇಸ್ತ್ರಿ. ಬಾಗಿಲಿಂದ ಬಾಗಿಲಿಗೆ ದಾರ ಕಟ್ಟಿದರು, ರಸಮಟ್ಟ ಇಟ್ಟು ಅದರೊಳಗಿನ ನೀರಿನ ಗುಳ್ಳೆ ನೋಡಿದರು, ಮಂಡಿಯೂರಿ ಮನೆಯ ಮೂಲೆ ಮೂಲೆ ತಟ್ಟಿದರು. ಕೊನೆಗೆ, "ಹಳೇದನ್ನ ಪೂರ್ತಿ ಕಿತ್ತು ಹಾಕ್ಬೇಕು ಸಾರ್. ಅಡಿಗೆಮನೆ ಕಡೆ ಒಳಗೇ ತೇವ ಇದೆ, ಅದು ಒಣಗ್ಬೇಕು. ಐದು ವಾರ ಅಂತೂ ಬೇಕು" ಎಂದರು. ಟೈಮು ಬರೆದೇ ಬದುಕಿದವನ ಮುಂದೆ ಐದು ವಾರ ಅಂದರೆ ಹೇಗಿರುತ್ತದೆ ಹೇಳು! ಮೈಯೆಲ್ಲ ಉರಿದುಹೋಯಿತು. ಎರಡನೆಯವನು ಬೈಕಿನಿಂದ ಇಳಿದು, ಒಂದು ಸುತ್ತು ಓಡಾಡಿ, "ಹಳೇ ನೆಲದ ಮೇಲೇ ಟೈಲ್ಸ್ ಕೂರಿಸ್ಬಿಡೋಣ ಸಾರ್. ನಾಲ್ಕೇ ದಿನ. ನಿಮ್ಮ ಮಗಳು ನಮ್ಮನೆ ಮಗಳಿದ್ದಂಗೆ" ಎಂದ. ಆ ಕೊನೆಯ ಮಾತಿಗೆ ನನ್ನ ಕಣ್ಣು ತುಂಬಿತು.

ಆದರೂ ನಿಮ್ಮಪ್ಪ ಅಷ್ಟು ಸುಲಭಕ್ಕೆ ಟೋಪಿ ಹಾಕಿಸಿಕೊಳ್ಳುವವನಲ್ಲವಲ್ಲ. ನನ್ನ ಪರೀಕ್ಷೆ ನಿನಗೆ ಗೊತ್ತೇ ಇದೆ. ದರ್ಜಿಗೆ ಬಟ್ಟೆ ಕೊಡುವ ಮೊದಲು ಅವನ ಅಂಗಿಯ ಗುಂಡಿ ನೋಡುವವನು ನಾನು. ನಿನ್ನ ಹಾಲುಹಲ್ಲು ಕೀಳಿಸಲು ಹೋದಾಗ ಡಾಕ್ಟರನ್ನೇ ನಗಿಸಿ ಅವರ ಹಲ್ಲು ನೋಡಿದ್ದೆ. ನೀನು ಆಗಲೇ, "ಹಾಗಾದ್ರೆ ತಲೆ ಬೋಳಾಗಿರೋನ ಹತ್ರ ಕಟಿಂಗ್ ಮಾಡಿಸ್ಕೊಳ್ಳೋ ಹಾಗೇ ಇಲ್ವಾ ಅಪ್ಪಾ?" ಎಂದು ಕೇಳಿ ಇಡೀ ಆಸ್ಪತ್ರೆ ನಗುವಂತೆ ಮಾಡಿದ್ದೆ. ಈ ಸಲವೂ ನಾನು ಅದೇ ಪರೀಕ್ಷೆ ಮಾಡಿದೆ. ಇಬ್ಬರ ಮನೆಗೂ ಹೋಗಿ ನೆಲ ನೋಡಿ ಬಂದೆ. ದಾರದ ಮೇಸ್ತ್ರಿಯ ಮನೆಯಲ್ಲಿ ಬರೀ ಸಿಮೆಂಟು ನೆಲ, ಅದೂ ಅಲ್ಲಲ್ಲಿ ಕಿತ್ತುಹೋಗಿತ್ತು. "ಕಂಡೋರ ಮನೆ ಮುಗಿಯೋದೇ ಇಲ್ಲ ಸಾರ್, ನಮ್ಮದು ಹಂಗೇ ಉಳ್ಕೊಂಡಿದೆ" ಎಂದು ನಕ್ಕರು. ನಾಲ್ಕು ದಿನದವನ ಮನೆಯ ನೆಲವೋ, ಮುಖ ನೋಡಿಕೊಳ್ಳುವಷ್ಟು ಹೊಳೆಯುತ್ತಿತ್ತು. ಜೇಬಿನಿಂದ ಗೋಲಿಯೊಂದನ್ನು ತೆಗೆದು ಮಧ್ಯದಲ್ಲಿಟ್ಟೆ. ಅದು ಇಟ್ಟಲ್ಲೇ ಕೂತಿತು. ಕಣ್ಣಾರೆ ಕಂಡ ಮೇಲೆ ಇನ್ನೇನು ಬೇಕು ಎಂದು ಅಲ್ಲೇ ಒಪ್ಪಿಕೊಂಡುಬಿಟ್ಟೆ.

ಒಂಬತ್ತನೇ ತಾರೀಖಿಗೆ ಕೆಲಸ ಮುಗಿಯಿತು. ಹತ್ತಕ್ಕೆ ನೀನು ಬಂದೆ. ನಾನು ಬಾಗಿಲಲ್ಲಿ ನಿಂತು ಬೀಗುತ್ತಿದ್ದೆ ಪುಟ್ಟಿ, ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ. ನಿಮ್ಮಮ್ಮ ಹಿಂದಿನಿಂದ ಕುರ್ಚಿ ಹಿಡಿದುಕೊಂಡಿದ್ದಳು. "ಬಿಡೇ, ಯಾಕೆ ಹಿಡ್ಕೋತೀಯ, ಅವಳೇ ಬರ್ಲಿ" ಎಂದವನು ನಾನು. ಅವಳು ಕೈಬಿಟ್ಟಳು. ನೀನು ನನ್ನನ್ನು ನೋಡಿ ನಗುತ್ತಾ ಎರಡೂ ಗಾಲಿ ತಳ್ಳಿಕೊಂಡು ನಡುಮನೆ ದಾಟಿದೆ. ಅಡಿಗೆಮನೆಯ ಬಾಗಿಲ ಹತ್ತಿರ ಟೈಲು ಲಟಕ್ಕನೆ ಮುರಿದು ಒಳಗೆ ಕುಸಿಯಿತು. ಮುಂದಿನ ಸಣ್ಣ ಗಾಲಿ ಅದರಲ್ಲಿ ಸಿಕ್ಕಿಕೊಂಡಿತು, ನೀನು ಮುಗ್ಗರಿಸಿ ಬಿದ್ದೆ. ಟೈಲಿನ ಕೆಳಗೆ ನಾಲ್ಕು ಮೂಲೆಗೆ ನಾಲ್ಕು ಉಂಡೆ ಸಿಮೆಂಟು ಬಿಟ್ಟರೆ ಮಿಕ್ಕಿದ್ದೆಲ್ಲ ಟೊಳ್ಳು.

ನಾನು ಆಗ ಏನು ಮಾಡಿದೆ ಎಂಬುದನ್ನು ನೀನು ಮರೆಯುವುದಿಲ್ಲ, ನಾನೂ ಮರೆಯುವುದಿಲ್ಲ. ನಿನ್ನ ಹತ್ತಿರ ಬರಲಿಲ್ಲ. ನಿನ್ನನ್ನು ಎತ್ತುವುದು ಹೇಗೆ, ಎಲ್ಲಿ ಮುಟ್ಟಿದರೆ ನೋಯುತ್ತದೆ, ಒಂದೂ ನನಗೆ ಗೊತ್ತಿರಲಿಲ್ಲ. ಫೋನ್ ತೆಗೆದುಕೊಂಡು ಅಂಗಳಕ್ಕೆ ಹೋಗಿ ಆ ನಾಲ್ಕು ದಿನದವನಿಗೆ ಬಾಯಿಗೆ ಬಂದ ಹಾಗೆ ಬೈಯುತ್ತಾ ನಿಂತೆ. ನೀನು ಎರಡು ಸಲ "ಅಪ್ಪಾ" ಎಂದು ಕರೆದೆಯಂತೆ. ನನಗೆ ಕೇಳಿಸಲಿಲ್ಲ ಎಂದು ನಿಮ್ಮಮ್ಮನ ಹತ್ತಿರ ಹೇಳಿದ್ದೇನೆ. ಅದು ಸುಳ್ಳು, ಕೇಳಿಸಿತ್ತು. ಕೊನೆಗೆ ನಿಮ್ಮಮ್ಮ ಮತ್ತು ಮೇಲಿನ ಮನೆಯ ಟೀಚರು ಸೇರಿ ಎತ್ತಿ ಕೂರಿಸಿದರು. ನಾನು ಒಳಗೆ ಬರುವಷ್ಟರಲ್ಲಿ ಚಿಕಿತ್ಸಾ ಕೇಂದ್ರಕ್ಕೆ ವಾಪಸ್ ಹೋಗಲು ಕಾರು ಕರೆಸಿಯಾಗಿತ್ತು.

ಮಾರನೇ ದಿನ ನಾಲ್ಕು ದಿನದವನ ಮನೆಗೆ ಹೋದೆ. ಅವನು ಇರಲಿಲ್ಲ, ಇದ್ದರೂ ಸಿಗುತ್ತಿರಲಿಲ್ಲ ಬಿಡು. ಅವನ ಹೆಂಡತಿ ಬಾಗಿಲು ತೆಗೆದಳು. "ನಿಮ್ಮನೆಗೆ ಇಷ್ಟು ಚೆನ್ನಾಗಿ ಹಾಕ್ಕೊಂಡು ನಮ್ಮನೆಗೆ ಯಾಕಮ್ಮ ಹಿಂಗೆ ಮಾಡಿದ?" ಎಂದು ಕೇಳಿದೆ. ಆ ಹೆಣ್ಣುಮಗಳು ಕಣ್ಣರಳಿಸಿ, "ಅಯ್ಯೋ, ಇದು ನಮ್ಮನೆಯವರು ಹಾಕಿದ್ದಲ್ಲಣ್ಣ. ದಾರ ಕಟ್ಟಿ ಕಟ್ಟಿ ಒಂದೂವರೆ ತಿಂಗಳು ಮಾಡಿದ್ರಲ್ಲ, ವಯಸ್ಸಾದ ಮೇಸ್ತ್ರಿ, ಅವರು ಹಾಕಿದ್ದು. ನಮ್ಮನೆಯವರಿಗೆ ಎಲ್ಲಿ ಪುರುಸೊತ್ತು?" ಎಂದಳು. ಚಪ್ಪಲಿ ಮೆಟ್ಟಿಕೊಂಡು ಬಂದುಬಿಟ್ಟೆ. ನನ್ನ ಬುದ್ಧಿವಂತಿಕೆಗೆ ಇಷ್ಟು ಬೆಂಕಿ ಹಾಕ.

ನಿನ್ನೆ ದಾರದ ಮೇಸ್ತ್ರಿಯ ಕಾಲು ಹಿಡಿಯುವುದೊಂದು ಬಾಕಿ, ಅಷ್ಟು ಕೇಳಿಕೊಂಡು ಕರೆದುಕೊಂಡು ಬಂದೆ. ಬೈಯುತ್ತಾರೆ ಎಂದುಕೊಂಡಿದ್ದೆ, ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು. ಒಡೆದ ಜಾಗದಲ್ಲಿ ಕೂತು ಚೂರುಗಳನ್ನು ಆರಿಸಿ ಪಕ್ಕಕ್ಕಿಟ್ಟರು. ಆಮೇಲೆ ಸ್ನಾನದ ಮನೆಗೆ ಹೋಗಿ, "ಇಲ್ಲಿ ನೀರು ಹೋಗೋಕೆ ಇಳಿಜಾರು ಕೊಡ್ಲೇಬೇಕು ಸಾರ್. ಆದ್ರೆ ಕುರ್ಚಿ ನಿಲ್ಲೋ ಕಡೆ ಇಳಿಜಾರಿದ್ರೆ ಅದು ಸರಿದುಬಿಡುತ್ತೆ. ಮಗಳು ಕುರ್ಚಿಯಿಂದ ಸ್ಟೂಲಿಗೆ ಯಾವ ಕಡೆಯಿಂದ ಜರುಗ್ತಾರೆ? ಯಾವ ಕೈ ಗಟ್ಟಿ?" ಎಂದು ಕೇಳಿದರು.

"ಬಲಗೈಯಲ್ಲಿ ಬರೀತಾಳೆ" ಎಂದೆ.

"ಬರೆಯೋದಲ್ಲ ಸಾರ್, ಭಾರ ಬಿಡೋದು. ಮೊನ್ನೆ ಬಿದ್ದಾಗ ಒಂದು ಕೈಗೆ ಪೆಟ್ಟಾಯ್ತು ಅಂದ್ರಲ್ಲ, ಅದು ಯಾವುದು?"

ನನಗೆ ಉತ್ತರ ಗೊತ್ತಿರಲಿಲ್ಲ ಪುಟ್ಟಿ. ಕಾರಿನಲ್ಲಿ ನೀನು ಕೂತಿದ್ದೆ, ಬಟ್ಟೆ ಸುತ್ತಿದ ಕೈ ತೊಡೆಯ ಮೇಲಿತ್ತು. ಅಷ್ಟು ಮಾತ್ರ ನೆನಪಿದೆ. ಅದು ಎಡವೋ ಬಲವೋ, ನಿನ್ನೆಯಿಂದ ಎಷ್ಟು ತಲೆ ಚಚ್ಚಿಕೊಂಡರೂ ನೆನಪಾಗುತ್ತಿಲ್ಲ. ಟೈಲು ಯಾವ ಮೂಲೆಯಿಂದ ಯಾವ ಮೂಲೆಗೆ ಬಿರುಕು ಬಿಟ್ಟಿತ್ತು ಎಂದು ಕೇಳಿದ್ದರೆ ಈಗಲೂ ಬರೆದು ತೋರಿಸುತ್ತಿದ್ದೆ. ಮಗಳ ಕೈ ನೋಡಿರಲಿಲ್ಲ. ಇಪ್ಪತ್ತಾರು ವರ್ಷ ಸಾಕಿದವನಿಗೆ ಅದನ್ನು ಒಬ್ಬ ಮೇಸ್ತ್ರಿ ನೆನಪಿಸಬೇಕಾಯಿತು. ಅವರು ನನ್ನ ಮುಖ ನೋಡಿ, "ಕೇಳಿ ಹೇಳಿ ಸಾರ್, ಅಲ್ಲೀವರೆಗೆ ಸ್ನಾನದ ಮನೆ ಮುಟ್ಟಲ್ಲ" ಎಂದು ನಡುಮನೆಯ ಟೈಲು ಕೀಳಲು ಹೋದರು.

ಈಗ ಇಡೀ ಮನೆ ಮಣ್ಣು, ಧೂಳು. ಐದು ವಾರವೋ, ಆರೋ, ನನಗೆ ತಿಳಿಯದು. ಈ ಸಲ ತಾರೀಖು ಕೇಳುವ ಧೈರ್ಯ ನನಗಿಲ್ಲ. ಅಷ್ಟು ದಿನ ನಿನ್ನನ್ನು ಅಲ್ಲಿ ಇಟ್ಟುಕೊಳ್ಳುತ್ತಾರೋ ಇಲ್ಲವೋ ಗೊತ್ತಿಲ್ಲ. ನೆಲವಾದ ಮೇಲಾದರೂ ನೀನು ಬರುತ್ತೀಯೋ ಇಲ್ಲವೋ, ಅದೂ ಗೊತ್ತಿಲ್ಲ. ಬರಲೇಬೇಕು ಎನ್ನಲು ನನಗೆ ಯಾವ ಮುಖವಿದೆ?

ಕೈಯ ವಿಷಯ ನಿಮ್ಮಮ್ಮನನ್ನು ಕೇಳಿದ್ದರೆ ಒಂದು ನಿಮಿಷದಲ್ಲಿ ಹೇಳುತ್ತಿದ್ದಳು. ಕೇಳಲಿಲ್ಲ. ನಾನು ನೋಡಲಿಲ್ಲ ಎಂಬುದನ್ನು ಮೊದಲು ನಿನಗೇ ಹೇಳಬೇಕಿತ್ತು. ಬೈಯುವುದಿದ್ದರೆ ಬೈದೇ ಬರಿ, ಎಷ್ಟು ಪುಟವಾದರೂ ಓದುತ್ತೇನೆ. ಪೆಟ್ಟಾಗಿರುವುದು ಬರೆಯುವ ಕೈಗೇ ಆಗಿದ್ದರೆ ಅಮ್ಮನ ಕೈಲಿ ಬರೆಸು.

ಯಾವ ಕೈಯೋ, ಆ ಕೈ ಬೇಗ ವಾಸಿಯಾಗಲಿ ತಾಯಿ.

ಎರಡು ಸಲ ಕರೆದರೂ ಬಾರದ ನಿನ್ನ
ಅಪ್ಪ