ರೆಸ್ಯೂಮಿಗೆ ಬಿಟ್ಟ ಅಂಚು

ಜುಲೈ ೯, ಮಂಗಳವಾರ

ರೆಸ್ಯೂಮ್ ಇನ್ನೂ ಮುಗಿದಿಲ್ಲ. ನಾಳೆ ನಾಟಕ ತಂಡದವರಿಗೆ ಕೊಡಲೇಬೇಕು. ಅವರಿಗೆ ವೇಷಭೂಷಣ ಹೊಲಿಯುವವರು ಬೇಕಂತೆ. ಟೈಲರ್ ಅಂಗಡಿ ಮುಚ್ಚಿದಾಗಿನಿಂದ ನನ್ನ ಕತ್ತರಿ ತುಕ್ಕು ಹಿಡಿಯುತ್ತಿದೆ, ನಾನೂ.

ಸಂಜೆ ತಂಗಿ ಪಕ್ಕದಲ್ಲಿ ಕೂತು, ನಾನು ಬರೆದಿದ್ದ ‘ಶ್ರಮಜೀವಿ, ಪ್ರಾಮಾಣಿಕಳು’ ಎಲ್ಲವನ್ನೂ ಹೊಡೆದುಹಾಕಿದಳು.

“ಎಲ್ಲರೂ ಅದನ್ನೇ ಬರೀತಾರೆ ಅಕ್ಕಾ. ನೀನು ಏನು ಮಾಡಿದ್ದೀಯ, ಅದನ್ನ ಹೇಳು.”

ಗೂನುಬೆನ್ನಿನ ಮೇಷ್ಟ್ರು ನೆಟ್ಟಗೆ ಕಾಣುವಂತೆ ಹೊಲಿದ ಕೋಟಿನ ವಿಷಯ ಹೇಳಿದೆ. ಅದನ್ನೇ ಮೊದಲ ಸಾಲಿಗೆ ಹಾಕಿಸಿದಳು. ಆಮೇಲೆ ಹಾಳೆ ನೋಡಿ ನಕ್ಕುಬಿಟ್ಟಳು.

“ಸುತ್ತಲೂ ಇಷ್ಟೊಂದು ಜಾಗ ಯಾಕೆ ಬಿಟ್ಟಿದ್ದೀಯ?”

ನನಗೇ ಗೊತ್ತಾಗಿರಲಿಲ್ಲ. ಹೊಲಿಗೆಯ ಒಳಗೆ ಒಂದಿಷ್ಟು ಬಟ್ಟೆ ಬಿಡುವಂತೆ ಕೈ ತನ್ನ ಪಾಡಿಗೆ ಬಿಟ್ಟುಬಿಟ್ಟಿದೆ. ತೊಟ್ಟವರು ಮೈ ತುಂಬಿಕೊಂಡರೆ ಬಿಚ್ಚಿ ಅಗಲ ಮಾಡಬೇಕಲ್ಲ.

“ಕಡಿಮೆ ಮಾಡು, ಚೆನ್ನಾಗಿ ಕಾಣಲ್ಲ” ಎಂದು ಹೇಳಿ ಮಲಗಿದಳು.

ಆ ಬಿಳಿ ಅಂಚನ್ನೇ ನೋಡುತ್ತಿದ್ದೇನೆ. ನಾನಿನ್ನೂ ಹೊಲಿಯದ ಬಟ್ಟೆಗಳು ಅಲ್ಲಿ ಮೆಲ್ಲಗೆ ತೇಲುತ್ತಿವೆ. ರಾಣಿಯ ನಿಲುವಂಗಿ, ದೆವ್ವದ ಮುಸುಕು, ಯಾವುದೋ ಹಕ್ಕಿಯ ರೆಕ್ಕೆ. ಇಲ್ಲ, ಅಂಚು ಕಡಿಮೆ ಮಾಡುವುದಿಲ್ಲ. ಐವತ್ತು ದಾಟಿದವಳೂ ಬೆಳೆಯಬಹುದು, ಯಾರು ಕಂಡರು.

ಆದರೆ ರೆಕ್ಕೆಗೆ ಒಳಗೆ ಎಷ್ಟು ಬಟ್ಟೆ ಬಿಡಬೇಕೋ, ಅದೊಂದು ಇನ್ನೂ ಗೊತ್ತಿಲ್ಲ.