ಬಲಕ್ಕೆ ತಿರುಗಿದ ಹೂವು

ಮನೆ,
ಗುರುವಾರ, ಬಿಸಿಲು ಏರುವ ಮುಂಚೆ

ನನ್ನ ಎಡಚೀ,

ಇವತ್ತು ನನ್ನ ಉಪವಾಸದ ದಿನ. ಬೆಳಗ್ಗೆ ಎದ್ದು ನೀರು ಹಿಡಿದಿಟ್ಟು, ಅಮ್ಮನ ಹಾಸಿಗೆಯ ಚಾದರ ಬದಲಿಸಿ, ಹಳೆಯದನ್ನು ಒಗೆದು ಮಹಡಿಯ ತಂತಿಗೆ ಹರವಿದೆ. ಅವಳ ಮೈ ಒರೆಸಿ, ತಲೆ ಬಾಚಿ, ಹಾಲಿನಲ್ಲಿ ಬ್ರೆಡ್ಡು ನೆನೆಸಿ ತಿನ್ನಿಸಿದೆ. ನಿನ್ನ ಭಾವನ ಡಬ್ಬಿ ಕಟ್ಟಿ ಅವರನ್ನು ಗಡಿಯಾರದ ಅಂಗಡಿಗೆ ಕಳಿಸಿ, ದೇವರಿಗೆ ಕೈಮುಗಿದು ಈಗ ಬರೆಯಲು ಕೂತಿದ್ದೇನೆ. ಹೊಟ್ಟೆ ಖಾಲಿ ಇದ್ದ ದಿನ ನನಗೆ ಸುತ್ತಿಬಳಸಿ ಮಾತಾಡಲು ಬರುವುದಿಲ್ಲ, ನಿನಗೇ ಗೊತ್ತಲ್ಲ. ಅದಕ್ಕೇ ಈ ಕಾಗದವನ್ನು ಉಪವಾಸದ ದಿನಕ್ಕೆಂದೇ ಎತ್ತಿಟ್ಟಿದ್ದೆ. ಈ ಸಲದ ಉಪವಾಸ ನಿನ್ನ ಹೆಸರಿನಲ್ಲಿ.

ನಿನ್ನ ಮೊಣಕಾಲು ಹೇಗಿದೆ? ಆಸ್ಪತ್ರೆಯ ಅಡುಗೆಮನೆಯಲ್ಲಿ ದಿನವಿಡೀ ನಿಂತೇ ಇರುವ ಕೆಲಸ, ಕೂರಲು ಒಂದು ಸ್ಟೂಲಾದರೂ ಕೊಟ್ಟಿದ್ದಾರೋ ಇಲ್ಲವೋ. ಮಲಗುವ ಮುಂಚೆ ಬಿಸಿನೀರಿನ ಶಾಖ ಕೊಟ್ಟುಕೋ. ಸೋಮಾರಿತನ ಮಾಡಬೇಡ. ನಮ್ಮ ಮನೆಯ ಹೆಂಗಸರಿಗೆಲ್ಲ ಕೈ ಗಟ್ಟಿ, ಕಾಲು ಹಾಳು. ನಾವಿಲ್ಲಿ ಚೆನ್ನಾಗಿದ್ದೇವೆ. ಅಮ್ಮನಿಗೆ ಕಣ್ಣು ಪೂರ್ತಿ ಹೋಗಿದೆ, ಬೆಳಕು ಯಾವ ಕಡೆ ಎಂಬುದೂ ತಿಳಿಯುವುದಿಲ್ಲ. ನಾಲಿಗೆಗೆ ಮಾತ್ರ ಏನೂ ಆಗಿಲ್ಲ. ಮೊನ್ನೆ ವೈದ್ಯರು ಬಂದು ಎದೆಗೆ ಕೊಳವೆ ಇಟ್ಟು ನೋಡಿ ಮೆಲ್ಲಗೆ ನನ್ನನ್ನು ಹೊರಗೆ ಕರೆದರು. ಇವಳು ಒಳಗಿನಿಂದಲೇ ಕೂಗಿದಳು: “ಸಾಯೋಳು ನಾನು, ಗುಟ್ಟು ನಿಮ್ಮಿಬ್ಬರದ್ದಾ? ಇಲ್ಲೇ ಬಂದು ಹೇಳಯ್ಯಾ!” ಪಾಪ, ಆ ಮನುಷ್ಯ ಮೆಟ್ಟಿಲು ತಪ್ಪಿ ಎಡವಿದರು. ಹೆಚ್ಚು ಕಾಲ ಇಲ್ಲ ಎಂದಿದ್ದಾರೆ. ಇದನ್ನು ನಿನ್ನಿಂದ ಮುಚ್ಚಿಟ್ಟರೆ ದೇವರು ಮೆಚ್ಚುವುದಿಲ್ಲ, ಅದಕ್ಕೇ ಬರೆದೆ.

ನಿನ್ನ ಪೊಟ್ಟಣ ತಲುಪಿತು. ಕೆಳಗಿನ ಗುಂಡಿಯಕ್ಕ, ಅದೇ ಗುಂಡಿ ಮತ್ತು ದಾರ ಮಾರುವ ನಮ್ಮ ಹೆಂಗಸು, ನಿಮ್ಮ ಊರಿಗೆ ಸಾಮಾನು ತರಲು ಬಂದಾಗ ನೀನೇ ಹುಡುಕಿಕೊಂಡು ಹೋಗಿ ಕೊಟ್ಟೆಯಂತೆ. ಅದರೊಳಗಿದ್ದ, ಕೊಕ್ಕೆಯಲ್ಲಿ ಹೆಣೆದ ಉಲನ್ನಿನ ಹೂಚೌಕವನ್ನು ನೋಡುತ್ತಲೇ ನಿನ್ನದೆಂದು ಗುರುತು ಸಿಕ್ಕಿತು. ಅಂಗೈಯಷ್ಟೇ ಅಗಲ, ನಡುವೆ ಹಳದಿ ಬೊಟ್ಟು, ಸುತ್ತ ನೇರಳೆ ಬಣ್ಣದ ಉಬ್ಬಿದ ಎಸಳು, ಹೊರಗೆ ಬಿಳಿ ಅಂಚು. ಮೂಲೆಗಳಲ್ಲಿ ನಿನ್ನ ಕಿವಿ. ನಾವೆಲ್ಲ ಮೂಲೆ ತಿರುಗಿಸಲು ಎಷ್ಟು ಸರಪಳಿ ಕುಣಿಕೆ ಹಾಕುತ್ತೇವೋ ಅದಕ್ಕಿಂತ ಒಂದು ಹೆಚ್ಚು ಹಾಕುವುದು ನಿನ್ನ ಚಾಳಿ. ಅದರಿಂದಲೇ ನಿನ್ನ ಚೌಕದ ಮೂಲೆಗಳು ಬೆಕ್ಕಿನ ಮರಿಯ ಕಿವಿಯ ಹಾಗೆ ನಿಮಿರಿ ನಿಲ್ಲುತ್ತವೆ. ಎಷ್ಟು ಬೈದರೂ ನೀನು ಬಿಡಲಿಲ್ಲ. ಜೊತೆಗಿದ್ದ ಚೀಟಿಯಲ್ಲಿ ಬರೆದಿದ್ದೆ: “ಅಕ್ಕಾ, ಇದನ್ನ ಅಮ್ಮನ ಕೈಗೆ ಕೊಡು. ಅವಳು ಏನಂದಳು ಅನ್ನೋದನ್ನ ಒಂದಕ್ಷರ ಬಿಡದೆ, ಒಂದಕ್ಷರ ಸೇರಿಸದೆ ಬರಿ. ಅವಳು ಹೂಂ ಅಂದ್ರೆ ಮರುದಿನವೇ ಹೊರಟು ಬರ್ತೀನಿ. ಅವಳಲ್ಲಿ ಉಸಿರಿರುವಾಗ ಒಂದು ಸಲ ಅವಳ ಪಕ್ಕ ಕೂರಬೇಕು.” ಹಾಗೆಯೇ ಬರೆಯುತ್ತಿದ್ದೇನೆ. ಓದುವ ಮುಂಚೆ ಕೂತುಕೋ.

ಅಮ್ಮ ಕಿಟಕಿಯ ಪಕ್ಕ, ಬೆನ್ನಿಗೆ ದಿಂಬು ಕೊಟ್ಟುಕೊಂಡು ಕೂತಿದ್ದಳು. ನಾನು ಯಾರದೆಂದು ಹೇಳಲಿಲ್ಲ, ಸುಮ್ಮನೆ ಅಂಗೈಯಲ್ಲಿ ಇಟ್ಟೆ. ಅವಳ ಬೆರಳುಗಳಿಗೆ ಇನ್ನೂ ಕಣ್ಣಿದೆ ಕಣೇ. ಮೊದಲು ನಡುವಿನ ಉಂಗುರ ಮುಟ್ಟಿದಳು, ಬಿಗಿ ಇದೆಯೋ ಎಂದು ಉಗುರು ತೂರಿಸಿ ನೋಡಿದಳು. ಉಗುರು ಹೋಗಲಿಲ್ಲ. “ಭೇಷ್” ಎಂದಳು. ಎಸಳುಗಳನ್ನು ಒಂದೊಂದಾಗಿ ಒತ್ತಿ ಬಿಟ್ಟಳು, ಒತ್ತಿದ್ದು ಮತ್ತೆ ಎದ್ದು ಕೂತಿತು. “ಇದು ಹೂವು ಕಣೇ. ನೀನು ಹಾಕೋದು ಬಿಸ್ಕತ್ತು. ಒಂದೇ ಅಚ್ಚಿನಲ್ಲಿ ಒತ್ತಿದ್ದು” ಎಂದು ನನ್ನ ಕಡೆ ಮುಖ ಮಾಡಿ ಹೇಳಿದಳು. ಒಂದಕ್ಷರ ಬಿಡಬೇಡ ಅಂದೆಯಲ್ಲ, ಅದಕ್ಕೇ ಇದನ್ನೂ ಬರೆದೆ. ಆಮೇಲೆ ಮೂಲೆಗೆ ಹೋದಳು. ಕಿವಿ ಸಿಕ್ಕಿತು. ಕೈ ನಿಂತುಬಿಟ್ಟಿತು. ಬಹಳ ಹೊತ್ತು ಆ ಒಂದು ಮೂಲೆಯನ್ನೇ ಎರಡು ಬೆರಳ ನಡುವೆ ಹಿಡಿದುಕೊಂಡಿದ್ದಳು. ಅವಳ ಗಲ್ಲ ನಡುಗಿದ್ದನ್ನು ನೋಡಿದೆ. ಸುಳ್ಳು ಹೇಳಲಾರೆ, ನಡುಗಿತು. ನನ್ನ ಮನಸ್ಸಿನಲ್ಲಿ, ಇವಳು ಈಗ ಹೂಂ ಎನ್ನುತ್ತಾಳೆ, ನಿನಗಾಗಿ ಹಿಂದಿನ ಕೋಣೆ ಗುಡಿಸಬೇಕು ಎಂದುಕೊಂಡೆ.

ಆಗ ಅವಳ ಹೆಬ್ಬೆರಳು ಬಿಳಿ ಅಂಚಿನ ಮೇಲೆ ಒಂದು ಸುತ್ತು ಹೋಯಿತು, ಹೆಣಿಗೆಯ ಕಂಬಗಳು ಯಾವ ಕಡೆ ವಾಲಿವೆ ಎಂದು ನೋಡಲು. ಎಲ್ಲ ನಮ್ಮವಕ್ಕೆ ವಿರುದ್ಧ ದಿಕ್ಕಿಗೆ. ಎಡಗೈ ಕೆಲಸ. ಅವಳ ಮುಖ ಬಾಗಿಲು ಹಾಕಿದ ಹಾಗಾಯಿತು. “ಇನ್ನೂ ಅದೇ ಕೈ” ಎಂದಳು. ಚೌಕವನ್ನು ಮಗುಚಿ, ನೀನು ಹಿಂದೆ ಸಿಕ್ಕಿಸಿ ಬಚ್ಚಿಟ್ಟಿದ್ದ ಉಲನ್ನಿನ ತುದಿಯನ್ನು ಉಗುರಿನಿಂದ ಕೆದಕಿ ಎಳೆದಳು. ಎಡಚೀ, ಅವಳು ಬಿಚ್ಚಿದಳು. ನಾನು ತಡೆಯಲು ಕೈ ಹಾಕಿದರೆ ಮೊಣಕೈಯಿಂದ ತಳ್ಳಿದಳು. ಮೊದಲು ಬಿಳಿ ಹೋಯಿತು, ಕಿವಿಗಳು ಟಪಟಪ ಎಂದು ಹೋದವು. ಆಮೇಲೆ ನೇರಳೆ. ಕೊನೆಗೆ ಆ ಹಳದಿ ಬೊಟ್ಟು ಉಳಿಯಿತು. ಅದನ್ನಾದರೂ ಬಿಡುತ್ತಾಳೆ ಎಂದುಕೊಂಡೆ. ಬಿಡಲಿಲ್ಲ. ಮೂರು ಬಣ್ಣವನ್ನೂ ಬೇರೆ ಬೇರೆ ಸುತ್ತಿ, ಗೋಲಿಯಷ್ಟು ಪುಟ್ಟ ಉಂಡೆ ಮಾಡಿ, ನನ್ನ ಕೈಗಿಟ್ಟು ಹೇಳಿದಳು: “ಅವಳಿಗೆ ಕಳಿಸು. ನೆಟ್ಟಗೆ ಹಾಕಿ ಕಳಿಸಲಿ. ನೆಟ್ಟಗೆ ಹಾಕೋ ತನಕ ನನಗೆ ಇರೋಳು ಒಬ್ಬಳೇ ಮಗಳು.” ಆಮೇಲೆ ಬಾಯಾರಿಕೆ ಎಂದಳು. ನೀರು ಕೊಟ್ಟೆ. ಕುಡಿದು ಮಲಗಿದಳು. ಇದರಲ್ಲಿ ನಾನು ಸೇರಿಸಿದ್ದು ಏನೂ ಇಲ್ಲ.

ಅವಳನ್ನು ಕಲ್ಲು ಎಂದು ನೀನು ಬೈಯಬಹುದು. ಬೈ. ಆದರೆ ಅವಳ ಅನ್ನ ಹುಟ್ಟಿದ್ದೇ ಆ ಚೌಕಗಳಲ್ಲಿ ಎಂಬುದನ್ನು ಮರೆಯಬೇಡ. ಉಲನ್ ಅಂಗಡಿಗೆ ಮಗುವಿನ ಹೊದಿಕೆ ಹಾಕಿಕೊಡುತ್ತಿದ್ದ ಕಾಲದಲ್ಲಿ ಅಮ್ಮನೂ ನಾವಿಬ್ಬರೂ ಚೌಕ ಹಾಕಿ ಗುಡ್ಡೆ ಮಾಡುತ್ತಿದ್ದೆವು, ಅವಳು ಜೋಡಿಸುತ್ತಿದ್ದಳು. ನಿನ್ನ ಒಂದು ಚೌಕ ಸೇರಿದರೂ ಸಾಕು, ಸಾಲಾಗಿ ಕೂತವರ ನಡುವೆ ಒಬ್ಬಳು ಗೋಡೆಗೆ ಮುಖ ಮಾಡಿ ಕೂತ ಹಾಗೆ ಕಾಣುತ್ತಿತ್ತು. ಒಂದು ಸಲ ಅಂಗಡಿಯವನು ಹೊದಿಕೆಯನ್ನೇ ಅಮ್ಮನ ಮುಖದ ಮೇಲೆ ಎಸೆದು ಹೋದ. ಅದಕ್ಕೇ ಅಮ್ಮ ನಿನ್ನ ಎಡಗೈಯನ್ನು ಕುರ್ಚಿಯ ಕಾಲಿಗೆ ಉಲನ್ನಿನಿಂದ ಕಟ್ಟಿ ಕೂರಿಸುತ್ತಿದ್ದದ್ದು. ನೀನು ಹಲ್ಲಿನಿಂದ ಕಡಿದುಕೊಂಡು ಮತ್ತೆ ಎಡಗೈಯಲ್ಲೇ ಹಾಕುತ್ತಿದ್ದೆ, ಮೇಲಿಂದ ನಗುತ್ತಿದ್ದೆ. ಬಾಯಲ್ಲಿ ದಾರದ ಎಳೆ ಅಂಟಿಕೊಂಡಿರುತ್ತಿತ್ತು. ನಾನು ಒಂದು ದಿನವೂ ಕಟ್ಟಿಸಿಕೊಳ್ಳಲಿಲ್ಲ. ಹೇಳಿದ ಹಾಗೆ ಕೇಳಿದವಳಿಗೆ ಕಟ್ಟೂ ಇಲ್ಲ, ಮುದ್ದೂ ಇಲ್ಲ.

ಮದುವೆಯಾಗಿ ಹೊರಡುವ ದಿನ ನೀನು ನಿನಗೆಂದೇ ಹಾಕಿಕೊಂಡಿದ್ದ ದೊಡ್ಡ ಹೊದಿಕೆಯನ್ನು, ಎಲ್ಲಾ ಎಡಗೈ ಹೂವಿನದ್ದು, ನೀನು ಸ್ನಾನಕ್ಕೆ ಹೋದಾಗ ಅವಳು ಬಿಚ್ಚಲು ಶುರು ಮಾಡಿದಳು. ಬಂದು ನೋಡಿದರೆ ಅರ್ಧ ಹೊದಿಕೆ, ಅರ್ಧ ಉಂಡೆ. ನೀನು ಅಳಲಿಲ್ಲ. “ಪೂರ್ತಿ ಬಿಚ್ಚಮ್ಮಾ, ಗಂಟು ಮಾಡಿ ಕೊಡು, ಭಾರ ಕಡಿಮೆ ಆಗುತ್ತೆ” ಎಂದು ಚೀಲ ಹಿಡಿದು ನಿಂತೆ. ಆ ಮಾತನ್ನು ಅವಳು ಇವತ್ತಿಗೂ ಜಗಿಯುತ್ತಾಳೆ. ಅಮ್ಮನ ಬಾಗಿಲು ನಿನಗೆ ಮುಚ್ಚಿದ ಆ ದಿನ ನನ್ನ ಮಗಳು ತೊಟ್ಟಿಲಲ್ಲಿದ್ದಳು, ಈಗ ಅವಳ ಕೂದಲಲ್ಲೂ ಒಂದು ಬಿಳಿ ಎಳೆ ಬಂದಿದೆ. ಅಷ್ಟು ಕಾಲವಾದ ಮೇಲೆ ನೀನು ಕಳಿಸಿದ್ದೂ ಮತ್ತೆ ಎಡಗೈ ಹೂವನ್ನೇ. ಒಂದೇ ಒಂದು ಸಲ ಬಲಗೈಯಲ್ಲಿ ಹಾಕಿ ಕಳಿಸಬಾರದಿತ್ತೇ? ಅಮ್ಮ ಹಟಮಾರಿ ಎನ್ನುತ್ತೀಯಲ್ಲ, ನೀನು ಯಾರ ಮಗಳು?

ಆಯಿತು. ನೀನು ಕೇಳಿದ್ದನ್ನು ಬರೆದೆ. ಮೊಣಕಾಲಿನ ಬಗ್ಗೆ ಅಸಡ್ಡೆ ಮಾಡಬೇಡ. ನಿನ್ನ ಯಜಮಾನರಿಗೆ ನಮ್ಮ ನಮಸ್ಕಾರ, ಮಕ್ಕಳಿಗೆ ದೊಡ್ಡಮ್ಮನ ಆಶೀರ್ವಾದ. ದೇವರು ನಿನ್ನ ಎರಡೂ ಕೈಗಳನ್ನು ಚೆನ್ನಾಗಿಟ್ಟಿರಲಿ.

ಇಂತು ನಿನ್ನ
ಅಕ್ಕ

ಮತ್ತೊಂದು ಮಾತು. ಈ ಕಾಗದ ನಿನಗೆ ಒಯ್ಯಲು ಗುಂಡಿಯಕ್ಕ ಕೆಳಗಿನಿಂದ ಕೂಗುತ್ತಿದ್ದಾಳೆ, ಬೇಗ ಬೇಗ ಬರೆಯುತ್ತೇನೆ. ಆ ಮೂರು ಉಂಡೆಗಳನ್ನು ಈ ಕಾಗದದ ಜೊತೆ ಹುಡುಕಬೇಡ, ಇಟ್ಟಿಲ್ಲ. ಬಿಚ್ಚಿದ ಉಲನ್ನು ಸುಕ್ಕು ಸುಕ್ಕಾಗಿತ್ತು. ಅದನ್ನು ಕೆಟಲಿನ ಹಬೆಗೆ ಹಿಡಿದು, ತುದಿಗೆ ಚಮಚ ಕಟ್ಟಿ ಇಳಿಬಿಟ್ಟು ನೆಟ್ಟಗೆ ಮಾಡಿದೆ. ಅದರಲ್ಲೇ ನಾನು ಒಂದು ಚೌಕ ಹಾಕಿದೆ. ಬಲಗೈಯಲ್ಲಿ. ಮೂಲೆಗೆ ಒಂದು ಸರಪಳಿ ಹೆಚ್ಚು ಹಾಕಿ ನಿನ್ನ ಕಿವಿಗಳನ್ನೂ ನಿಲ್ಲಿಸಿದೆ. ಎಸಳನ್ನು ನೀನು ಮಾಡುವ ಹಾಗೆ ಸಡಿಲ ಬಿಟ್ಟೆ. ಒಂದು ವಾರ ಕಳೆದ ಮೇಲೆ “ಎಡಚಿ ಕಳಿಸಿದ್ದಾಳಮ್ಮಾ” ಎಂದು ಅವಳ ಕೈಗಿಟ್ಟೆ.

ಬೆರಳು ಕಿವಿಗೆ ಹೋಯಿತು, ಅಂಚಿನ ಮೇಲೆ ಒಂದು ಸುತ್ತು ಬಂತು. “ಕಿವಿ ಅವಳದೇ. ಕೈ ತಿರುಗಿದೆ!” ಎಂದು ಅವಳು ಕೂಗಿದ ಕೂಗಿಗೆ ಗುಂಡಿಯಕ್ಕ ಮೇಲೆ ಓಡಿ ಬಂದಳು. ಅದನ್ನು ಕೆನ್ನೆಗೆ ಒತ್ತಿಕೊಂಡು ಅತ್ತಳು ಕಣೇ, ನಮ್ಮ ಅಮ್ಮ. ಬಂದವರಿಗೆಲ್ಲ ತೋರಿಸುತ್ತಾಳೆ: “ನನ್ನ ಚಿಕ್ಕೋಳು ದಾರಿಗೆ ಬಂದಳು.” ಮಲಗುವಾಗ ಮುಷ್ಟಿಯಲ್ಲಿ ಹಿಡಿದೇ ಮಲಗುತ್ತಾಳೆ. ನಿನ್ನೆ ಹೇಳಿದಳು: “ಈಗ ಬರಲಿ. ನನ್ನ ಪಕ್ಕ ಕೂತು ಒಂದು ಚೌಕ ಹಾಕಲಿ. ಅವಳ ಕೈ ಮೇಲೆ ಕೈ ಇಟ್ಟು ನೋಡ್ತೀನಿ.”

ಅದಕ್ಕೇ ಹೇಳುತ್ತಿದ್ದೇನೆ, ನೀನು ಬರಬೇಡ. ಅವಳು ಕರೆಯುತ್ತಿರುವುದು ನಿನ್ನನ್ನಲ್ಲ. ನೀನು ಬಂದು ಕೂತು ಕೊಕ್ಕೆಯನ್ನು ಎಡಗೈಗೆ ತೆಗೆದುಕೊಂಡ ಕ್ಷಣವೇ ಅವಳಿಗೆ ಎಲ್ಲ ಗೊತ್ತಾಗುತ್ತದೆ. ಆಮೇಲೆ ಅವಳಿಗೆ ಇಬ್ಬರೂ ಮಕ್ಕಳಿಲ್ಲ. ಮೊಣಕಾಲು ನೋವು, ಬರಲಾರಳು ಎಂದು ಹೇಳಿದ್ದೇನೆ. ದೇವರ ಮುಂದೆಯೂ ಇದನ್ನು ಇಟ್ಟು ಕೇಳಿದೆ, ಅವನು ಬೇಡ ಎನ್ನಲಿಲ್ಲ. ಇನ್ನೊಂದನ್ನೂ ಮುಚ್ಚದೆ ಹೇಳಿಬಿಡುತ್ತೇನೆ. ಅವಳು ಕೆನ್ನೆಗೆ ಒತ್ತಿಕೊಂಡದ್ದು ನನ್ನ ಕೈಯ ಚೌಕವನ್ನು. ಹುಟ್ಟಿದಾಗಿನಿಂದ ಮೊದಲನೇ ಸಲ. ನಿನ್ನ ಹೆಸರಿನಲ್ಲಿ ಸಿಕ್ಕರೂ ಸರಿ, ಅದನ್ನು ನಾನು ಬಿಟ್ಟುಕೊಡುವುದಿಲ್ಲ.

ಈಗ ಅವಳು ನಿನ್ನಿಂದ ಇನ್ನೊಂದು ಚೌಕ ಬರುತ್ತದೆಂದು ಕಾಯುತ್ತಿದ್ದಾಳೆ. ಬೇರೆ ಉಲನ್ನಿನಲ್ಲಿ ಹಾಕಿದರೆ ಅವಳ ಬೆರಳಿಗೆ ತಿಳಿದುಹೋಗುತ್ತದೆ. ನೀನು ವಾಪಸು ಕಾಗದ ಬರೆಯಬೇಡ. ಅಂಚೆಯವನು ಅವಳ ಕೈಗೇ ಕೊಟ್ಟು ಓದಿ ಹೇಳುತ್ತಾನೆ. ನೀನು ಕೊಂಡ ಅದೇ ಅಂಗಡಿಯ ಅದೇ ನೇರಳೆ, ಹಳದಿ, ಬಿಳಿ ಉಲನ್ ಕಳಿಸು. ಉಲನ್ ಬಂದರೆ ನೀನು ಒಪ್ಪಿದೆ ಎಂದು ತಿಳಿದುಕೊಳ್ಳುತ್ತೇನೆ. ಸ್ವಲ್ಪ ಹೆಚ್ಚೇ ಕಳಿಸು, ಅಮ್ಮನನ್ನು ಕೊನೆಯ ಸಲ ಕಳಿಸಿಕೊಡುವಾಗ ಹೊದಿಸಲು ಒಂದು ಹೊದಿಕೆಗಾಗುವಷ್ಟು. ಶನಿವಾರ ಮರಳುವ ಮುಂಚೆ ಗುಂಡಿಯಕ್ಕ ನಿಮ್ಮ ಆಸ್ಪತ್ರೆಯ ಹಿಂಬಾಗಿಲ ಹತ್ತಿರ ಬಂದು ನಿಲ್ಲುತ್ತಾಳೆ. ಅವಳ ಕೈಗೆ ಕೊಟ್ಟುಬಿಡು, ಏನೂ ಕೇಳಬೇಡ, ಅವಳು ತಂದುಕೊಡುತ್ತಾಳೆ.