ಎರಡು ಸಲ ಒತ್ತುವ ಬ್ರೇಕು

ನವೆಂಬರ್ 16, ರವಿವಾರ

ಜುಲ್ಫಿಕಾರ ಅವರ ಫೋನು ಇನ್ನೂ ಹತ್ತುತ್ತಿಲ್ಲ.

ಮಧ್ಯಾಹ್ನ ಹುಬ್ಬಳ್ಳಿಯ ಹಳೇ ಕಾರುಗಳ ಹರಾಜಿನಲ್ಲಿ ಅಪ್ಪನ ಕಾರನ್ನು ಕೊಂಡವರು ಅವರೇ. ಲಾರಿಯಲ್ಲಿ ಹೇರಿ ಕಾರವಾರಕ್ಕೆ ಒಯ್ಯಿರಿ ಎಂದೆ. "ಇಂಥಾ ರಾಣೀನ ಲಾರಿಗೆ ಹೇರತಾರೇನ್ರಿ ಅಕ್ಕಾರ? ನಾನ ಹೊಡಕೊಂಡು ಹೋಗ್ತೇನಿ" ಎಂದು ನಕ್ಕರು.

ಸಂಜೆ ಕವಿತೆ ಓದುತ್ತ ಕೂತಿದ್ದಾಗ ಯಲ್ಲಾಪುರದಿಂದ ಫೋಟೊ ಕಳಿಸಿದರು. ಪಕ್ಕದ ಸೀಟಿನಲ್ಲಿ ಅವರ ಪುಟ್ಟ ಮಗಳು. ಕೆಳಗೆ, "ಈಗ ಘಾಟ್ ಇಳೀತೇವ್ರಿ."

ಆಗ ನೆನಪಾಯಿತು. ಉದ್ದ ಇಳಿಜಾರಿನಲ್ಲಿ ಆ ಬ್ರೇಕು ಕಾದರೆ ಮೊದಲ ಸಲಕ್ಕೆ ಹಿಡಿಯುವುದಿಲ್ಲ, ಎರಡು ಸಲ ಒತ್ತಬೇಕು. ನಮ್ಮ ಮನೆಯವರಿಗೆಲ್ಲ ಅದು ರೂಢಿ. ಬೇರೆಯವರಿಗೆ ಹೇಳಬೇಕಾದ ಮಾತು ಅಂತ ಹೊಳೆಯಲೇ ಇಲ್ಲ.

ಹಾಸಿಗೆಯಲ್ಲಿ ಕೂತು ಬರೆಯುತ್ತಿದ್ದೇನೆ. ಬಲಗಾಲು ತಾನಾಗಿ ಗಾದಿಯನ್ನು ಒತ್ತುತ್ತಿದೆ, ಬಿಡುತ್ತಿದೆ, ಮತ್ತೆ